ಸಿ-ವಿಜಿಲ್ ಆ್ಯಪ್: ಫ್ಲೆಕ್ಸ್ ಸಿಗುತ್ತದೆ, ಹಣದ ಕವರ್ ಸಿಗುವುದಿಲ್ಲ

ಭಾರತ ಚುನಾವಣಾ ಆಯೋಗದ ಸಿ-ವಿಜಿಲ್‌ಗೆ ಐದಕ್ಕೆ ಮೂರು ಸ್ಟಾರ್. ಬರೀ ಆ್ಯಪ್ ನೋಡಿ ಅಂಕ ಕೊಡುವುದಾದರೆ ನಾಲ್ಕು ಕೊಡಬಹುದಿತ್ತು. ಒಂದು ಸ್ಟಾರ್ ಹೋಗಿದ್ದು ಅದರ ಹಿಂದಿರುವ ಕಾನೂನಿನ ಲೆಕ್ಕದಲ್ಲಿ. ಚುನಾವಣಾ ನೀತಿ ಸಂಹಿತೆ ಮುರಿದದ್ದನ್ನು ಫೋಟೊ ಹೊಡೆದು ಕಳಿಸಿ, 100 ನಿಮಿಷದಲ್ಲಿ ಇತ್ಯರ್ಥ ಮಾಡುತ್ತೇವೆ ಎಂಬುದು ಆಯೋಗದ ಭರವಸೆ. ಅದು ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಒಂದು ರೀತಿ ನಡೆಯುತ್ತದೆ, ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ತಾಂಡಾದಲ್ಲಿ ಇನ್ನೊಂದು ರೀತಿ.

ಆ್ಯಪ್ ಬಂದದ್ದು 2018ರ ಜುಲೈನಲ್ಲಿ. ಆ ವರ್ಷದ ಕೊನೆಗೆ ತೆಲಂಗಾಣ, ಮಧ್ಯಪ್ರದೇಶ ಸೇರಿ ಐದು ರಾಜ್ಯಗಳ ವಿಧಾನಸಭೆ ಚುನಾವಣೆಯಲ್ಲಿ ಬಳಕೆಯಾಯಿತು. ನಮ್ಮ ಕಡೆ 2019 ಮತ್ತು 2024ರ ಲೋಕಸಭೆ, 2023ರ ವಿಧಾನಸಭೆ ಚುನಾವಣೆಗಳಲ್ಲಿ ಓಡಿದೆ. ದುಡ್ಡು ಕೊಡುವುದೇನಿಲ್ಲ. ಚುನಾವಣೆ ಘೋಷಣೆಯಾದ ಕ್ಷೇತ್ರದಲ್ಲಿ, ನೀತಿ ಸಂಹಿತೆ ಜಾರಿಯಲ್ಲಿರುವ ಅವಧಿಯಲ್ಲಿ ಮಾತ್ರ ದೂರು ಹೋಗುತ್ತದೆ. ಉಳಿದ ದಿನ ಸುಮ್ಮನೆ ಫೋನಿನಲ್ಲಿ ಕೂತಿರುತ್ತದೆ. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಮಹಾನಗರ ಪಾಲಿಕೆ ಚುನಾವಣೆಗೆ ಇದನ್ನು ನಂಬಿಕೊಂಡು ಕೂರಬೇಡಿ. ಅವು ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿರುವಂಥವು, ಬಾಗಿಲೇ ಬೇರೆ. ಸಿ-ವಿಜಿಲ್ ಸೇರಿದಂತೆ ತನ್ನ 40ಕ್ಕೂ ಹೆಚ್ಚು ಆ್ಯಪ್‌ಗಳನ್ನು ಇಸಿಐನೆಟ್ ಎಂಬ ಒಂದೇ ವೇದಿಕೆಗೆ ತರುವುದಾಗಿ ಆಯೋಗ 2025ರ ಮೇನಲ್ಲಿ ಹೇಳಿದೆ. ಹೀಗಾಗಿ ಮುಂದಿನ ಸಲ ದೂರು ಕೊಡುವ ಜಾಗ ಬೇರೆ ಕಡೆ ಕಂಡರೆ ಗಾಬರಿ ಬೇಡ.

ಬಳಸುವುದು ಸರಳ. ಮೊಬೈಲ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗಬೇಕು, ಇಲ್ಲವೇ ಹೆಸರು ಹೇಳದೆ ದೂರು ಕೊಡುವ ಆಯ್ಕೆ ಒತ್ತಬೇಕು. ಫೋಟೊ, ವಿಡಿಯೊ, ಆಡಿಯೊ ಮೂರರಲ್ಲಿ ಒಂದನ್ನು ಆರಿಸಿದರೆ ಆ್ಯಪಿನದೇ ಕ್ಯಾಮೆರಾ ತೆರೆಯುತ್ತದೆ. ವಿಡಿಯೊ ಎರಡು ನಿಮಿಷದ ಮೇಲೆ ಹೋಗುವುದಿಲ್ಲ. ನಿಂತ ಜಾಗವನ್ನು ಜಿಪಿಎಸ್ ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಪಟ್ಟಿಯಿಂದ ಉಲ್ಲಂಘನೆಯ ಬಗೆ ಆರಿಸಿ (ಹಣ ಹಂಚಿಕೆ, ಮದ್ಯ, ಉಡುಗೊರೆ ಅಥವಾ ಕೂಪನ್, ಅನುಮತಿ ಇಲ್ಲದ ಬ್ಯಾನರ್, ಅನುಮತಿ ಇಲ್ಲದ ವಾಹನ, ಮತದಾರರನ್ನು ಗಾಡಿಯಲ್ಲಿ ಸಾಗಿಸುವುದು, ಕಾಸಿಗಾಗಿ ಸುದ್ದಿ ಹೀಗೆ), ಎರಡು ಸಾಲು ಬರೆದು ಕಳಿಸಿದರೆ ಮುಗಿಯಿತು.

ಜನ ಎಡವುವುದು ಇಲ್ಲೇ. ಫೋಟೊ ತೆಗೆದ ಮೇಲೆ ಕಳಿಸಲು ಸಿಗುವುದು ಐದು ನಿಮಿಷ. ಗ್ಯಾಲರಿಯಲ್ಲಿರುವ ಹಳೆಯ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಇದಕ್ಕೆ ಹತ್ತುವುದಿಲ್ಲ. ಸುಳ್ಳು ದೂರು, ಬೇರೆ ಊರಿನ ಹಳೆಯ ವಿಡಿಯೊ ತಡೆಯಲು ಇಟ್ಟ ನಿಯಮ ಇದು, ಸರಿಯಾದದ್ದೇ. ಆದರೆ ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಊರಿನಲ್ಲಿ ಎರಡು ನಿಮಿಷದ ವಿಡಿಯೊ ಅಪ್‌ಲೋಡ್ ಆಗುವಷ್ಟರಲ್ಲಿ ಐದು ನಿಮಿಷ ಮುಗಿದಿರುತ್ತದೆ. ಜಿಪಿಎಸ್‌ಗೆ ಡೇಟಾ ಬೇಡ, ಕಳಿಸಲು ಡೇಟಾ ಬೇಕೇ ಬೇಕು. ಹಾಗಾಗಿ ಸಿಗ್ನಲ್ ಸೋತ ಕಡೆ ವಿಡಿಯೊದ ಆಸೆ ಬಿಟ್ಟು ಒಂದು ಫೋಟೊ ಕಳಿಸುವುದು ಮೇಲು. ವಿಡಿಯೊ ಬೇಕಾಗುವುದು ರಾತ್ರಿ 10ರ ನಂತರದ ಧ್ವನಿವರ್ಧಕಕ್ಕೆ, ಭಾಷಣಕ್ಕೆ. ಅಲ್ಲಿಯೂ 20 ಸೆಕೆಂಡ್ ಸಾಕು, ಪೂರ್ತಿ ಸಿನಿಮಾ ಬೇಡ.

ಇನ್ನೊಂದು ಸೂಕ್ಷ್ಮ. ಆ್ಯಪಿನಲ್ಲಿ ತೆಗೆದ ಫೋಟೊ ನಿಮ್ಮ ಗ್ಯಾಲರಿಯಲ್ಲಿ ಉಳಿಯುವುದಿಲ್ಲ. ಮೊದಲು ಆ್ಯಪಿನಲ್ಲಿ ತೆಗೆದು ಕಳಿಸಿ, ಆಮೇಲೆ ಅದೇ ಜಾಗದಲ್ಲಿ ಫೋನಿನ ಮಾಮೂಲಿ ಕ್ಯಾಮೆರಾದಲ್ಲೂ ಒಂದೆರಡು ಹೊಡೆದಿಟ್ಟುಕೊಳ್ಳಿ. ಮುಂದೆ ಅಭ್ಯರ್ಥಿಯ ಖರ್ಚಿನ ಲೆಕ್ಕದ ಮೇಲೆ ಆಕ್ಷೇಪ ಎತ್ತುವ ಪ್ರಸಂಗ ಬಂದರೆ ಕೈಯಲ್ಲಿ ಅಷ್ಟಾದರೂ ಇರುತ್ತದೆ.

ಕಳಿಸಿದ ದೂರು ಜಿಲ್ಲಾ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಅಲ್ಲಿ ಐದು ನಿಮಿಷದಲ್ಲಿ ಹತ್ತಿರದ ತಂಡಕ್ಕೆ ಹಂಚಬೇಕು. ಫ್ಲೈಯಿಂಗ್ ಸ್ಕ್ವಾಡ್ 15 ನಿಮಿಷದಲ್ಲಿ ಮುಟ್ಟಬೇಕು, 30 ನಿಮಿಷದಲ್ಲಿ ಪರಿಶೀಲಿಸಿ ತನ್ನ ಇನ್ವೆಸ್ಟಿಗೇಟರ್ ಆ್ಯಪಿನಿಂದ ವರದಿ ಹಾಕಬೇಕು, ಉಳಿದ 50 ನಿಮಿಷದಲ್ಲಿ ಚುನಾವಣಾಧಿಕಾರಿ ತೀರ್ಮಾನ ಕೊಡಬೇಕು. ಸ್ಕ್ವಾಡ್ ಅಂದರೆ ಒಬ್ಬ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್, ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ವಿಡಿಯೊಗ್ರಾಫರ್, ಜೊತೆಗೆ ಮೂರ್ನಾಲ್ಕು ಪೊಲೀಸರು. ಒಂದು ವಿಧಾನಸಭಾ ಕ್ಷೇತ್ರಕ್ಕೆ ಇಂಥವು ಮೂರು ಅಥವಾ ಹೆಚ್ಚು ಇರಬೇಕು ಎಂಬುದು ಆಯೋಗದ ಸೂಚನೆ. ಕಲಬುರಗಿ ಉತ್ತರ, ದಕ್ಷಿಣದಂಥ ನಗರ ಕ್ಷೇತ್ರಕ್ಕೆ ಮೂರು ಗಾಡಿ ಸಾಕಾಗುತ್ತವೆ. ಚಿಂಚೋಳಿ, ಅಫಜಲಪುರ, ಔರಾದ್‌ನಂಥ ಹರಡಿಕೊಂಡ ಕ್ಷೇತ್ರದ ಮೂಲೆ ಹಳ್ಳಿಗೆ 15 ನಿಮಿಷದಲ್ಲಿ ಜೀಪು ಮುಟ್ಟುವುದು ಕಾಗದದ ಮೇಲಷ್ಟೇ ಸಾಧ್ಯ. ಫ್ಲೆಕ್ಸ್ ಆದರೆ ಒಂದು ಗಂಟೆ ತಡವಾಗಿ ಬಂದರೂ ಅಲ್ಲೇ ಇರುತ್ತದೆ. ಹಣ ಹಂಚುವವನು ಕಾಯುವುದಿಲ್ಲ.

ಗಡಿ ವಿಷಯ ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ವಿಶೇಷ. ಲೋಕಸಭೆ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಆಳಂದ ಮತ್ತು ಚಿಂಚೋಳಿ ಬೀದರ್ ಕ್ಷೇತ್ರಕ್ಕೆ ಸೇರುತ್ತವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ, ಅದೇ ಜಿಲ್ಲೆಯ ಸುರಪುರ, ಶಹಾಪುರ, ಯಾದಗಿರಿ ರಾಯಚೂರು ಕ್ಷೇತ್ರಕ್ಕೆ. ಆ್ಯಪಿಗೆ ಈ ಗೊಂದಲ ಇಲ್ಲ, ನೀವು ನಿಂತ ಜಾಗವೇ ದೂರು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತದೆ. ಗೊಂದಲ ಬರುವುದು ಆಮೇಲೆ, ಅಭ್ಯರ್ಥಿಯ ಖರ್ಚಿನ ಲೆಕ್ಕ ಕೇಳಲು ಹೋದಾಗ. ಆಳಂದದಲ್ಲಿ ನಿಂತು ಫೋಟೊ ಹೊಡೆದವರು ಬೀದರ್ ಅಭ್ಯರ್ಥಿಯ ಕಡತ ಹುಡುಕಬೇಕು. ಸುರಪುರದಲ್ಲಂತೂ 2024ರ ಮೇ 7ರಂದು ಲೋಕಸಭೆಯ ಜೊತೆಗೇ ವಿಧಾನಸಭೆ ಉಪಚುನಾವಣೆಯೂ ನಡೆಯಿತು. ಒಂದೇ ಬ್ಯಾನರಿನಲ್ಲಿ ಇಬ್ಬರು ಅಭ್ಯರ್ಥಿಗಳ ಮುಖ ಇದ್ದರೆ ಖರ್ಚು ಇಬ್ಬರಿಗೂ ಹಂಚಿಕೆಯಾಗಬೇಕು. ಇಂಥ ಕಡೆ ವಿವರದ ಜಾಗದಲ್ಲಿ ಯಾವ ಚುನಾವಣೆ, ಯಾರ ಹೆಸರು ಎಂದು ಬರೆಯಲೇಬೇಕು.

ರಾಜ್ಯದ ಗಡಿ ಇನ್ನೊಂದು ತಕರಾರು. 2023ರ ಮೇನಲ್ಲಿ ನಮ್ಮಲ್ಲಿ ಚುನಾವಣೆ, ತೆಲಂಗಾಣದಲ್ಲಿ ಇಲ್ಲ. ಜಹೀರಾಬಾದ್, ತಾಂಡೂರು ಕಡೆಯ ರಸ್ತೆಯಲ್ಲಿ ಗಡಿಯಾಚೆ ನಿಂತು ಆ್ಯಪ್ ತೆರೆದರೆ ಇಲ್ಲಿ ಚುನಾವಣೆಯೇ ಇಲ್ಲ ಎಂಬ ಉತ್ತರವೇ ಗತಿ. ಹಂಚುವ ಮಾಲು ಬರುವುದು ಮಾತ್ರ ಆ ಕಡೆಯಿಂದಲೇ. ಗಾಡಿ ಗಡಿ ದಾಟಿ ಈಚೆ ಬಂದ ಮೇಲೆ ಹಿಡಿಯುವ ಕೆಲಸ ಚೆಕ್‌ಪೋಸ್ಟಿನ ಎಸ್‌ಎಸ್‌ಟಿ (ಒಂದೇ ಕಡೆ ನಿಂತು ಕಾಯುವ ಕಣ್ಗಾವಲು) ತಂಡದ್ದು. ಇಂಥ ಸುಳಿವಿಗೆ ಆ್ಯಪ್ ಹಿಡಿದು ಕೂರಬಾರದು, ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಹಚ್ಚಿ ಗಾಡಿ ನಂಬರ್ ಹೇಳುವುದೇ ಬೇಗದ ದಾರಿ.

ಇನ್ನು ಆ್ಯಪ್ ನಿಜವಾಗಿ ಏನು ಹಿಡಿಯುತ್ತದೆ ನೋಡೋಣ. 2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾದ ಎರಡೇ ವಾರದಲ್ಲಿ ದೇಶದಾದ್ಯಂತ 79 ಸಾವಿರಕ್ಕೂ ಹೆಚ್ಚು ದೂರು ಬಂದವು, ಅವುಗಳಲ್ಲಿ ಶೇ 99ರಷ್ಟು ಇತ್ಯರ್ಥವಾದವು, ಸುಮಾರು ಶೇ 89ರಷ್ಟು 100 ನಿಮಿಷದೊಳಗೇ ಮುಗಿದವು ಎಂದು ಆಯೋಗ ಹೇಳಿತು. ಸೇವೆಯ ವೇಗಕ್ಕೆ ಇದು ಒಳ್ಳೆಯ ಅಂಕ. ಆದರೆ ಅದೇ ಲೆಕ್ಕದಲ್ಲಿ 58,500ಕ್ಕೂ ಹೆಚ್ಚು ದೂರು, ಅಂದರೆ ನಾಲ್ಕರಲ್ಲಿ ಹತ್ತಿರಹತ್ತಿರ ಮೂರು ಪಾಲು, ಅಕ್ರಮ ಹೋರ್ಡಿಂಗ್ ಮತ್ತು ಬ್ಯಾನರಿನದು. ಹಣ, ಮದ್ಯ, ಉಡುಗೊರೆ ಹಂಚಿಕೆಯ ದೂರು 1,400 ಚಿಲ್ಲರೆ. ನೂರಕ್ಕೆ ಎರಡೂ ಇಲ್ಲ. ಹಣ ಓಡಾಡಲಿಲ್ಲವೇ? 2023ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕ ಒಂದರಲ್ಲೇ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲ ಸೇರಿ ಸುಮಾರು 375 ಕೋಟಿ ರೂಪಾಯಿಯ ಮಾಲು ಜಪ್ತಿಯಾಯಿತು. 2018ರಲ್ಲಿ ಅದು ಸುಮಾರು 84 ಕೋಟಿ ಇತ್ತು. ಮಾಲು ಸಿಕ್ಕಿದ್ದು ಹೆಚ್ಚಾಗಿ ಚೆಕ್‌ಪೋಸ್ಟ್, ಪೊಲೀಸ್, ಆದಾಯ ತೆರಿಗೆ, ಅಬಕಾರಿಯವರ ಕೈಗೆ. ಇತ್ಯರ್ಥ ಎಂದರೆ ಕ್ರಮ ಎಂದೂ ಅಲ್ಲ; ಹುರುಳಿಲ್ಲ ಎಂದು ಕೈಬಿಟ್ಟ ದೂರೂ ಇತ್ಯರ್ಥದ ಲೆಕ್ಕಕ್ಕೇ ಬರುತ್ತದೆ.

ಬ್ಯಾನರಿಗೆ ಆ್ಯಪ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಸರ್ಕಾರಿ ಕಟ್ಟಡದ ಮೇಲಿನವನ್ನು 24 ಗಂಟೆಯಲ್ಲಿ, ಬಸ್ ನಿಲ್ದಾಣ, ವಿದ್ಯುತ್ ಕಂಬ, ಸೇತುವೆಯಂಥ ಸಾರ್ವಜನಿಕ ಜಾಗದವನ್ನು 48 ಗಂಟೆಯಲ್ಲಿ, ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದವನ್ನು 72 ಗಂಟೆಯಲ್ಲಿ ತೆಗೆಯಬೇಕು. ಈ ಗಡುವು ಮುಗಿಯುವ ಮುಂಚೆ ದೂರು ಹಾಕಿದರೆ ‘ಇನ್ನೂ ಸಮಯ ಇದೆ’ ಎಂದು ಕೈಬಿಡುತ್ತಾರೆ. ನಾಲ್ಕನೇ ದಿನದಿಂದ ಹಾಕಿದ್ದು ನಿಲ್ಲುತ್ತದೆ. ಪೋಸ್ಟರ್, ಕರಪತ್ರವಾದರೆ ಕೆಳಗಿನ ಅಂಚು ಫೋಟೊದಲ್ಲಿ ಓದುವಂತೆ ಬರಲಿ: ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅಲ್ಲಿ ಇಲ್ಲದಿದ್ದರೆ ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 127-ಎ ಕಲಮಿನ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಪ್ರಚಾರದ ಗಾಡಿಯಾದರೆ ನಂಬರ್ ಪ್ಲೇಟ್ ಜೊತೆ ಮುಂದಿನ ಗಾಜೂ ಬರಬೇಕು, ಅನುಮತಿ ಪತ್ರದ ಮೂಲ ಪ್ರತಿ ಅಂಟಿಸಬೇಕಾದ ಜಾಗ ಅದು. ಸಭೆಯಾದರೆ ವೇದಿಕೆ ಮೇಲೆ ಅಭ್ಯರ್ಥಿ ಇದ್ದಾನೋ, ಹಿಂದಿನ ಫ್ಲೆಕ್ಸಿನಲ್ಲಿ ಅವನ ಫೋಟೊ ಅಥವಾ ಹೆಸರು ಇದೆಯೋ ಎಂಬುದು ಕಾಣುವಂತೆ ನಿಂತು ಹೊಡೆಯಿರಿ. ಅವನು ಇಲ್ಲದಿದ್ದರೆ ದೊಡ್ಡ ನಾಯಕರ ಸಭೆಯ ಖರ್ಚು ಪಕ್ಷದ ಲೆಕ್ಕಕ್ಕೆ ಹೋಗಿಬಿಡುತ್ತದೆ, ಇದ್ದರೆ ಅಭ್ಯರ್ಥಿಯ ಲೆಕ್ಕಕ್ಕೆ ಬರುತ್ತದೆ. ಜನಜಂಗುಳಿಯ ಫೋಟೊಗಿಂತ ಈ ಒಂದು ಫೋಟೊ ಮೌಲ್ಯದ್ದು. ಶಾಮಿಯಾನಕ್ಕಿಷ್ಟು, ಕುರ್ಚಿಗಿಷ್ಟು, ಊಟಕ್ಕಿಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿ ಮೊದಲೇ ದರಪಟ್ಟಿ ಮಾಡಿರುತ್ತಾರೆ. ವಿಡಿಯೊದಲ್ಲಿ ಕುರ್ಚಿ ಎಣಿಸಿ ಆ ದರ ಹಚ್ಚಿ ಅಧಿಕಾರಿಗಳು ತಮ್ಮ ನೆರಳು ವಹಿಯಲ್ಲಿ (ಅಭ್ಯರ್ಥಿಯ ಖರ್ಚಿಗೆ ತಾವೇ ಇಡುವ ಬೇರೆ ಲೆಕ್ಕದ ಪುಸ್ತಕ) ಬರೆಯುತ್ತಾರೆ, ಅಭ್ಯರ್ಥಿಯ ವಹಿಯನ್ನು ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಅದಕ್ಕೆ ತಾಳೆ ನೋಡುತ್ತಾರೆ.

ಕವರಿನ ವಿಷಯಕ್ಕೆ ಬಂದರೆ ಕಥೆ ಬೇರೆ. ಆ್ಯಪಿಗೆ ಬೇಕಾದದ್ದು ಕಣ್ಣೆದುರು ನಡೆಯುವ ದೃಶ್ಯ. ಹಣ ಹೋಗುವುದು ಬೆಳಗಿನ ಜಾವ ಬಾಗಿಲ ಸಂದಿಯಿಂದ, ಇಲ್ಲವೇ ಫೋನ್‌ಪೇ ಮೂಲಕ. ಯುಪಿಐ ವರ್ಗಾವಣೆಯ ಫೋಟೊ ಹೊಡೆಯಲು ಆಗುವುದಿಲ್ಲ. ಒಂದೇ ಖಾತೆಯಿಂದ ಊರಿನ ಹಲವರಿಗೆ ಸಣ್ಣ ಮೊತ್ತ ಹೋದರೆ ಅದನ್ನು ಅಭ್ಯರ್ಥಿಗಳ ಖರ್ಚಿನ ಮೇಲೆ ಕಣ್ಣಿಡಲು ಆಯೋಗ ನೇಮಿಸುವ ವೆಚ್ಚ ವೀಕ್ಷಕರಿಗೆ ತಿಳಿಸಬೇಕು. ಅವರ ಫೋನ್ ನಂಬರನ್ನು ಪ್ರತಿ ಚುನಾವಣೆಯಲ್ಲೂ ಜಿಲ್ಲಾಡಳಿತ ಪ್ರಕಟಿಸುತ್ತದೆ. ಇಷ್ಟರ ಮೇಲೂ ಸ್ಕ್ವಾಡ್ ಕೈಗೆ ಹಣ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮತಕ್ಕೆ ಲಂಚ ಕೊಡುವುದು ಐಪಿಸಿ 171-ಇ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗುವ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 173ನೇ ಕಲಂ. ಆದರೆ ಅದು ಅಸಂಜ್ಞೇಯ ಅಪರಾಧ. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ತನಿಖೆ ಶುರು ಮಾಡುವಂತಿಲ್ಲ; ಎನ್‌ಸಿ (ಅಸಂಜ್ಞೇಯ ದೂರಿನ ದಾಖಲೆ) ಬರೆದುಕೊಂಡು ಮ್ಯಾಜಿಸ್ಟ್ರೇಟ್ ಅನುಮತಿ ತರಬೇಕು. ಈ ಒಂದು ಹೆಜ್ಜೆ ತಪ್ಪಿದರೆ ಮುಂದೆ ಕೋರ್ಟಿನಲ್ಲಿ ಇಡೀ ಪ್ರಕರಣ ಬಿದ್ದುಹೋಗುತ್ತದೆ. ಬಾಡೂಟ, ಪಾರ್ಟಿ ಕೊಡಿಸುವುದಕ್ಕಂತೂ ಅದೇ ಕಲಂ ಜೈಲೇ ಇಲ್ಲ, ಬರೀ ದಂಡ ಎನ್ನುತ್ತದೆ. ಮದ್ಯದ ದೂರು ಇದಕ್ಕಿಂತ ಗಟ್ಟಿ ನಿಲ್ಲುವುದು ಅಬಕಾರಿ ಕಾಯ್ದೆ ಬೇರೆಯಾಗಿ ಹತ್ತುವುದರಿಂದ. ಮತಕ್ಕೆ ಲಂಚವನ್ನು ಸಂಜ್ಞೇಯ ಅಪರಾಧ ಮಾಡಿ ಎಂದು ಆಯೋಗವೇ ಸರ್ಕಾರಕ್ಕೆ ಕೇಳಿತ್ತು. ಹೊಸ ಸಂಹಿತೆ ಬರೆಯುವಾಗಲೂ ಅದು ಆಗಲಿಲ್ಲ.

ಕೆಟ್ಟದ್ದು ಇನ್ನೂ ಇದೆ. ಆ್ಯಪ್ ಘೋಷಣೆಯ ದಿನದಿಂದ ಎಚ್ಚರ, ಅಭ್ಯರ್ಥಿಯ ಖರ್ಚಿನ ವಹಿ ತೆರೆಯುವುದು ನಾಮಪತ್ರ ಸಲ್ಲಿಸಿದ ದಿನ. ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಂ ಹೇಳುವುದೇ ಹಾಗೆ. 2024ರಲ್ಲಿ ಕಲಬುರಗಿ, ಬೀದರ್‌ನಲ್ಲಿ ಘೋಷಣೆ ಮಾರ್ಚ್ 16ಕ್ಕೆ, ನಾಮಪತ್ರ ಶುರುವಾದದ್ದು ಏಪ್ರಿಲ್ 12ಕ್ಕೆ, ಕೊನೆ ದಿನ ಏಪ್ರಿಲ್ 19. ನಡುವಿನ ಸುಮಾರು ನಾಲ್ಕು ವಾರ ಹೊಡೆದ ಫೋಟೊ ಫ್ಲೆಕ್ಸ್ ಇಳಿಸುತ್ತದೆ, ಆದರೆ ಅದರ ಖರ್ಚು ಯಾರ ವಹಿಗೂ ಏರುವುದು ಕಷ್ಟ. ಘೋಷಣೆಗೂ ಮುಂಚೆ ಹಂಚಿದ ಕುಕ್ಕರ್, ಸೀರೆಗೆ ಆ್ಯಪೂ ಇಲ್ಲ, ವಹಿಯೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂಗ ಅಂತಾರಲ್ಲ, ಅದು ಇದಕ್ಕೇ. ಲೆಕ್ಕವನ್ನು ಅಧಿಸೂಚನೆಯ ದಿನದಿಂದ ಶುರು ಮಾಡಿ ಎಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಹೇಳಿದೆ. ಅದು ಜಾರಿಯಾದರೂ ಕುಕ್ಕರ್ ಹೊರಗೇ ಉಳಿಯುತ್ತದೆ, ಆದರೆ ಅಷ್ಟಾದರೂ ಆಗಬೇಕಿತ್ತು.

ಖರ್ಚಿನ ಮಿತಿಯೂ ಅರ್ಧಂಬರ್ಧವೇ. 2022ರ ಜನವರಿಯಿಂದ ಕರ್ನಾಟಕದಲ್ಲಿ ಲೋಕಸಭೆ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ ರೂಪಾಯಿ. ಪಕ್ಷಕ್ಕೆ ಮಿತಿ ಇಲ್ಲ. ಸ್ಟಾರ್ ಪ್ರಚಾರಕರ ಪ್ರಯಾಣದ ಖರ್ಚು, ಹೆಲಿಕಾಪ್ಟರ್ ಸೇರಿ, ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಹೆಲಿಪ್ಯಾಡ್ ಫೋಟೊ ಕಳಿಸಿ ಕಾಯುವವರು ಇದನ್ನು ತಿಳಿದಿರಲಿ. 2024ರ ಜೂನ್ 3ರಂದು ಮತದಾನವಾದ ಈಶಾನ್ಯ ಪದವೀಧರ ಕ್ಷೇತ್ರದಂಥ ವಿಧಾನ ಪರಿಷತ್ ಚುನಾವಣೆಗೆ ಅಭ್ಯರ್ಥಿಗೂ ವೆಚ್ಚಮಿತಿ ಎಂಬುದೇ ಇಲ್ಲ.

ಹೆಸರು ಹೇಳದೆ ದೂರು ಕೊಡುವ ಆಯ್ಕೆ ಹಳ್ಳಿಗೆ ಬೇಕೇ ಬೇಕು, ಇಟ್ಟಿರುವುದು ಮೆಚ್ಚುವ ಮಾತು. ಆದರೆ ಹಾಗೆ ಕೊಟ್ಟರೆ ದೂರಿನ ಐಡಿ ಸಿಗುವುದಿಲ್ಲ, ಏನಾಯಿತು ಎಂದು ತಿಳಿಯುವ ದಾರಿಯೂ ಇಲ್ಲ. ಅದಕ್ಕಿಂತ ಮುಖ್ಯ, ಆ್ಯಪ್ ದಾಖಲಿಸುವುದು ನಿಮ್ಮ ಫೋನ್ ಇರುವ ಜಾಗವನ್ನು. ಮನೆ ಕಟ್ಟೆ ಮೇಲೆ ಕೂತು ಹೊಡೆದರೆ ಸ್ಕ್ವಾಡ್ ಜೀಪು ಆ ಕಟ್ಟೆ ಮುಂದೆಯೇ ಬಂದು ನಿಲ್ಲುತ್ತದೆ, ಓಣಿಗೆಲ್ಲ ಗೊತ್ತಾಗುತ್ತದೆ. ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ನಿಂತು ಹೊಡೆಯುವುದು ಕ್ಷೇಮ.

ಇದರಲ್ಲಿ ಹಾಕಬಾರದ ದೂರುಗಳೂ ಇವೆ. ಮತದಾರರ ಪಟ್ಟಿಯದು ಒಂದು. ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಲು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳಲ್ಲಿ ಸರಿಯಾದವು ಎಂದು ಕಂಡದ್ದು 24 ಮಾತ್ರ. ಅಂಥದ್ದಕ್ಕೆ ಮತದಾರರ ನೋಂದಣಾಧಿಕಾರಿಗೆ ಲಿಖಿತ ದೂರೇ ದಾರಿ. ಇನ್ನೊಂದು, ಅಡತ್ ಅಂಗಡಿಯಿಂದ ತೊಗರಿ ಮಾರಿದ ದುಡ್ಡು ಹಿಡಿದು ಹೊರಟ ರೈತನ ಗಾಡಿ. 50 ಸಾವಿರಕ್ಕೆ ಮೇಲಿನ ನಗದು ಎಂಬ ಗೆರೆ ಇರುವುದು ಅಭ್ಯರ್ಥಿ, ಏಜೆಂಟ್, ಕಾರ್ಯಕರ್ತರ ಗಾಡಿಗೆ. ಚೆಕ್‌ಪೋಸ್ಟಿನಲ್ಲಿ ಎಲ್ಲರನ್ನೂ ಕೇಳುತ್ತಾರೆ ಅನ್ನುವುದು ಬೇರೆ ಮಾತು, ಹಾಗಾಗಿ ಎಪಿಎಂಸಿ ಬಿಲ್ ಜೇಬಿನಲ್ಲಿರಲಿ. ತಪ್ಪಿ ಜಪ್ತಿಯಾದರೆ ಜಿಲ್ಲಾ ಪಂಚಾಯಿತಿ ಸಿಇಒ, ವೆಚ್ಚ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ ಇರುವ ಮೂವರ ಸಮಿತಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬಹುದು.

ನಂಬರ್ ಕೊಟ್ಟು ದೂರು ಹಾಕಿದವರು ಐಡಿಯನ್ನು ಬರೆದಿಟ್ಟುಕೊಳ್ಳಿ, ಮತದಾನ ಮುಗಿದ ಮೇಲೂ ಅದಕ್ಕೆ ಕೆಲಸ ಇದೆ. ಫಲಿತಾಂಶದ ದಿನದಿಂದ 30 ದಿನದೊಳಗೆ ಪ್ರತಿ ಅಭ್ಯರ್ಥಿ ಖರ್ಚಿನ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಕಲಬುರಗಿಯಲ್ಲಾದರೆ ಮಿನಿ ವಿಧಾನಸೌಧದ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಯಲ್ಲಿ ಶುಲ್ಕ ಕಟ್ಟಿ ಪ್ರತಿ ಕೇಳಿ, ನಿಮ್ಮ ದೂರಿನ ದಿನಾಂಕದ ಪುಟದಲ್ಲಿ ಆ ಸಭೆ, ಆ ಗಾಡಿ, ಆ ಫ್ಲೆಕ್ಸ್ ಇದೆಯೇ ನೋಡಿ. ಇಲ್ಲದಿದ್ದರೆ ಲಿಖಿತ ಆಕ್ಷೇಪ ಕೊಡಿ. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು ಮಾತ್ರ ಫಲಿತಾಂಶದಿಂದ 45 ದಿನ ಅಷ್ಟೇ ಗಡುವು, 2,000 ರೂಪಾಯಿ ಠೇವಣಿ, ಅರ್ಜಿದಾರ ಆ ಕ್ಷೇತ್ರದ ಮತದಾರ ಅಥವಾ ಅಭ್ಯರ್ಥಿ ಆಗಿರಬೇಕು. ಅಭ್ಯರ್ಥಿ 30ನೇ ದಿನ ಸಂಜೆ ಲೆಕ್ಕ ಒಪ್ಪಿಸಿದರೆ ಓದಿ, ತಾಳೆ ನೋಡಿ, ವಕೀಲರನ್ನು ಹಿಡಿಯಲು ನಿಮಗೆ ಉಳಿಯುವುದು 15 ದಿನ. ಪ್ರತಿಗೆ ಅರ್ಜಿಯನ್ನು 31ನೇ ದಿನ ಬೆಳಿಗ್ಗೆಯೇ ಕೊಟ್ಟುಬಿಡಿ.